ಅಂಗದ ಜೊತೆ ದಾಟುವ ಸೋಂಕು

ಅಂಗಾಂಗ ಕಸಿಯಲ್ಲಿ ದಾನಿಯ ಕಿಡ್ನಿಯೋ ಲಿವರ್ರೋ ಒಂದೇ ಬರುವುದಿಲ್ಲ. ದಾನಿಗೆ ಎಂದೋ ತಗುಲಿದ್ದ ರೋಗಾಣುವೂ ಅದರೊಳಗೆ ಅಡಗಿ ಬರಬಹುದು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕಸಿ ಮಾಡಿಸಿಕೊಂಡವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತಾರೆ. ದಾನಿಯಲ್ಲಿ ಸುಮ್ಮನಿದ್ದ ಕ್ಷಯ ಇಲ್ಲಿ ಎದ್ದು ಕೂರುವುದು ಅದರಿಂದಲೇ. ಇಂಥದ್ದು ಅಪರೂಪ, ನಿಜ. ಆದರೆ ಆದಾಗ ಪ್ರಾಣಕ್ಕೇ ಬರುತ್ತದೆ.

ಬೆಂಗಳೂರಿನ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಝೀರೋ ಟ್ರಾಫಿಕ್‌ನಲ್ಲಿ ಅಂಗ ಹೊತ್ತ ಆಂಬುಲೆನ್ಸ್ ಹಾದುಹೋದರೆ ಜನರಿಗೆ ಕಾಣುವುದು ಅವಸರ ಮಾತ್ರ. ಐಸ್ ಬಾಕ್ಸ್‌ನಲ್ಲಿ ಹೃದಯ 4ರಿಂದ 6 ಗಂಟೆ ತಾಳುತ್ತದೆ, ಲಿವರ್ ಸುಮಾರು 12 ಗಂಟೆ. ಪರೀಕ್ಷೆಗಳೆಲ್ಲ ಅದಕ್ಕೂ ಮೊದಲೇ ಮುಗಿಯಬೇಕು. ದಾನಿಯ ಮೆದುಳು ನಿಷ್ಕ್ರಿಯವಾಗಿದೆಯೆಂದು ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಖಚಿತಪಡಿಸಬೇಕೆಂಬುದು ನಮ್ಮ ನಿಯಮ. ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ಕಳಿಸಲು ಸಿಗುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಈ ಪರೀಕ್ಷೆಗಳಿಗೂ ಕುರುಡು ದಿನಗಳಿವೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆ ಹುಡುಕುವ ಪ್ರತಿಕಾಯ ಹುಟ್ಟುವುದಿಲ್ಲ. ಹೆಪಟೈಟಿಸ್ ಸಿಗೆ ಎರಡು ತಿಂಗಳಾದರೂ ಆದೀತು. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಕೆಲವೇ ದಿನಗಳಿಗೆ ಇಳಿಸುತ್ತದೆ, ಸೊನ್ನೆಗಲ್ಲ. 2007ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಒಬ್ಬನೇ ದಾನಿಯಿಂದ ನಾಲ್ವರಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ದಾಟಿದವು.

ರೇಬಿಸ್‌ನ ಕಥೆ ಇನ್ನೂ ಕಠಿಣ. 2004ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ದಾನಿಯ ಲಿವರ್, ಎರಡು ಕಿಡ್ನಿ, ರಕ್ತನಾಳದ ಒಂದು ತುಂಡು ಪಡೆದ ನಾಲ್ವರೂ ರೇಬಿಸ್‌ನಿಂದ ಸತ್ತರು. ದಾನಿಗೆ ಬಾವಲಿ ಕಚ್ಚಿತ್ತೆಂಬುದು ಆಮೇಲೆ ತಿಳಿಯಿತು. ರೇಬಿಸ್ ಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರವಿದ್ದರೂ, ಬದುಕಿರುವ ರೋಗಿಯಲ್ಲಿ ಆ ಕಾಯಿಲೆ ಇಲ್ಲವೇ ಇಲ್ಲವೆಂದು ಒಂದು ಪರೀಕ್ಷೆಯಿಂದ ಹೇಳಲಾಗದು. ಹಾಗಾಗಿ ಐಸಿಯು ಹೊರಗೆ ಅಳುತ್ತ ಕೂತ ಮನೆಯವರನ್ನೇ ಕೇಳಬೇಕು: ಈಚೆಗೆ ನಾಯಿ ಕಚ್ಚಿತ್ತೇ, ಇಂಜೆಕ್ಷನ್ ಪೂರ್ತಿ ಹಾಕಿಸಿದ್ದಿರಾ? ಆ ಹೊತ್ತಿನಲ್ಲಿ ಕೇಳಲು ಬಾಯಿ ಬರುವುದಿಲ್ಲ, ಆದರೆ ಬೇರೆ ದಾರಿಯಿಲ್ಲ. ಕಾರಣ ತಿಳಿಯದ ಮೆದುಳಿನ ಉರಿಯೂತದಿಂದ ಸತ್ತವರ ಅಂಗವನ್ನು ಬಿಟ್ಟುಬಿಡುವುದೇ ಕ್ಷೇಮ.

ಎಲ್ಲ ಸೋಂಕೂ ಅಡ್ಡಿಯಲ್ಲ. ಸೈಟೊಮೆಗಾಲೊ ವೈರಸ್ ನಮ್ಮಲ್ಲಿ ಬಹುಪಾಲು ವಯಸ್ಕರಲ್ಲಿದೆ. ಮುಂಜಾಗ್ರತೆಯ ಮಾತ್ರೆ ಕೊಟ್ಟರಾಯಿತು. ಹೆಪಟೈಟಿಸ್ ಸಿಯನ್ನು ಈಗ ಸುಮಾರು 12 ವಾರದ ಮಾತ್ರೆ ಗುಣಪಡಿಸುವುದರಿಂದ ಕೆಲವು ದೇಶಗಳಲ್ಲಿ ಅದಿರುವ ಅಂಗವನ್ನೂ ತಿಳಿದೇ ಕಸಿ ಮಾಡುತ್ತಾರೆ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚುವುದು ‘ಜೀವಸಾರ್ಥಕತೆ’ ಸಂಸ್ಥೆ. ಒಬ್ಬರ ಎರಡು ಕಿಡ್ನಿ ಎರಡು ಆಸ್ಪತ್ರೆ ಸೇರಿರಬಹುದು. ಒಂದು ಕಡೆ ಕಾರಣ ತಿಳಿಯದ ಜ್ವರ ಕಂಡರೆ ಇನ್ನೊಂದು ಕಡೆಗೂ ಅವತ್ತೇ ಫೋನ್ ಹೋಗಬೇಕು.