ಬೇಟೆ ನಿಂತ ಮೇಲೆ ಬೇಟೆನಾಯಿ

ಬಾಗಲಕೋಟೆ ಜಿಲ್ಲೆಯ ಗುಡೂರು, ಹುನಗುಂದ, ಬಾದಾಮಿಗಳ ಕಡೆಯಿಂದ ಘಟಪ್ರಭೆಯ ದಂಡೆಯ ಮುಧೋಳದವರೆಗೆ ಹರಡಿರುವುದು ಮಳೆ ಕಡಿಮೆ ಇರುವ ಬಯಲುಸೀಮೆ. ಎರೆಹೊಲ, ಕಲ್ಲುಗುಡ್ಡ, ಕುರುಚಲು ಪೊದೆ; ಮರಗಳು ವಿರಳ. ಇಂಥ ನೆಲದಲ್ಲಿ ಎದ್ದ ಮೊಲ ಬಲು ದೂರದವರೆಗೆ ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನು ಹಿಡಿಯಬೇಕಾದರೆ ಅದಕ್ಕಿಂತ ವೇಗವಾಗಿ ಓಡಬೇಕು. ಹೀಗಾಗಿ ಈ ಸೀಮೆಗೆ ಬೇಕಾದದ್ದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿಟ್ಟು ಬೆನ್ನಟ್ಟುವ ನಾಯಿ. ಮುಧೋಳ ನಾಯಿ ಎಂದು ಇಂದು ದೇಶವೆಲ್ಲ ಕರೆಯುವ ತಳಿಯ ಉದ್ದನೆಯ ಕಾಲು, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಕಿರಿದಾದ ನೀಳ ತಲೆ, ಇವೆಲ್ಲ ಆ ಓಟಕ್ಕಾಗಿಯೇ ರೂಪುಗೊಂಡವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಮೊಲವೂ ಸೇರಿದಂತೆ ಕಾಡುಪ್ರಾಣಿಗಳ ಬೇಟೆ ಅಪರಾಧ. ಬೇಟೆಗೆ ಕಾನೂನಿನ ಬಾಗಿಲು ಮುಚ್ಚಿತು, ಬೇಟೆನಾಯಿ ಉಳಿಯಿತು. ಹಿಂದೆ ಯಾವ ನಾಯಿಗೆ ಯಾವುದನ್ನು ಕೂಡಿಸಬೇಕು, ಎಷ್ಟು ಉಣಿಸಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಬೇಟೆಯ ಬಯಲು. ಓಡಲಾರದ ನಾಯಿಯ ಮರಿಯನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಆ ತೀರ್ಮಾನ ಮಾಡುವವರು ಯಾರು? ಮುಧೋಳ ನಾಯಿಯ ಆಹಾರ, ಔಷಧ, ಸಂತಾನ ಈ ಮೂರರ ಹಿಂದೆಯೂ ಇಂದು ಇದೇ ಪ್ರಶ್ನೆ ಇದೆ.

ಕಾರವಾನಿನ ನಾಯಿ

ಈ ನಾಯಿಯ ಪೂರ್ವಿಕರು ಪಶ್ಚಿಮ ಹಾಗೂ ಮಧ್ಯ ಏಷ್ಯಾದ ಕಡೆಯಿಂದ ವ್ಯಾಪಾರಿಗಳ, ಸೈನಿಕರ ಜೊತೆ ದಖ್ಖನಿಗೆ ಬಂದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಅರಬ್ಬರ ಸಲೂಕಿ ನಾಯಿಯೊಡನೆ ಇದರ ಹೋಲಿಕೆ ಎದ್ದು ಕಾಣುತ್ತದೆ. ಮಹಾರಾಷ್ಟ್ರದ ಕಡೆ ಇದಕ್ಕೆ ಕಾರವಾನಿ ಎಂಬ ಹೆಸರಿದೆ. ಕಿವಿ, ಬಾಲಗಳಲ್ಲಿ ನೀಳಗೂದಲಿರುವ ಬಗೆಯನ್ನು ಪಶ್ಮಿ ಎನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕಾರವಾನ್ ಹೌಂಡ್ ಎಂದು ದಾಖಲಿಸಿದರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ.

ರನ್ನ ಕವಿಯ ನಾಡಾದ ಮುಧೋಳದ ಹೆಸರು ನಾಯಿಗೆ ಅಂಟಿಕೊಳ್ಳಲು ಅಲ್ಲಿನ ಘೋರ್ಪಡೆ ಸಂಸ್ಥಾನಿಕರು ಕಾರಣ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಮಾಲೋಜಿರಾವ್ ಘೋರ್ಪಡೆ ಬೇಡರು ಸಾಕಿದ್ದ ಬೇಟೆನಾಯಿಗಳನ್ನು ಮೆಚ್ಚಿ, ಆರಿಸಿ ಬೆಳೆಸಿದರೆಂದೂ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದೂ ಪ್ರಸಿದ್ಧ ಕಥೆಯಿದೆ. ಈ ಕಥೆಯಲ್ಲಿ ರಾಜನ ಹೆಸರು ಮುಂದೆ, ಬೇಡರ ಹೆಸರು ಹಿಂದೆ. ಆದರೆ ನಾಯಿಯನ್ನು ರಾಜನ ಕಣ್ಣಿಗೆ ಬೀಳುವಷ್ಟು ಚೆನ್ನಾಗಿ ಬೆಳೆಸಿದ್ದವರು ಬೇಡರೇ. ಇದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ, ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯ ವಿರುದ್ಧ ಬಂಡೆದ್ದವರು. ಬೇಟೆ ಅವರಿಗೆ ಬರೀ ವಿನೋದವಾಗಿರಲಿಲ್ಲ.

ರೊಟ್ಟಿಯ ಬಲ, ರೊಟ್ಟಿಯ ಕೊರತೆ

ಉತ್ತರ ಕರ್ನಾಟಕದ ಹಳ್ಳಿಯ ನಾಯಿ ಮನೆಯವರು ಉಂಡದ್ದನ್ನೇ ಉಣ್ಣುತ್ತದೆ. ಜೋಳದ ರೊಟ್ಟಿ, ನುಚ್ಚು, ಗೋವಿನಜೋಳದ ಅಂಬಲಿ, ಮಜ್ಜಿಗೆ; ಅನುಕೂಲವಿದ್ದಾಗ ಹಾಲು, ಮೊಟ್ಟೆ, ಮಾಂಸದ ಚೂರು. ತೋಳನ ವಂಶದ ಪ್ರಾಣಿ ರೊಟ್ಟಿ ತಿಂದು ಹೇಗೆ ಬದುಕುತ್ತದೆ ಎಂದು ಕೇಳಬಹುದು. ಇದಕ್ಕೆ ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಪಿಷ್ಟವನ್ನು ಅರಗಿಸುವ ರಸಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳನಿಗಿಂತ ನಾಯಿಯಲ್ಲಿ ಎಷ್ಟೋ ಹೆಚ್ಚು. ಮನುಷ್ಯನ ಒಲೆಯ ಪಕ್ಕದಲ್ಲಿ ಬದುಕಿದ ಸಾವಿರಾರು ವರ್ಷಗಳಲ್ಲಿ ನಾಯಿಯ ಹೊಟ್ಟೆಯೇ ಬದಲಾಗಿದೆ.

ಹಾಗೆಂದು ರೊಟ್ಟಿಯೊಂದೇ ಸಾಲದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದೆ. ಅಮೆರಿಕದಲ್ಲಿ ನಾಯಿ ಆಹಾರಕ್ಕೆ ಬಳಸುವ ಮಾನದಂಡದಂತೆ, ತೇವ ಕಳೆದ 100 ಗ್ರಾಂ ಆಹಾರದಲ್ಲಿ ಬೆಳೆದ ನಾಯಿಗೆ ಕನಿಷ್ಠ 18 ಗ್ರಾಂ, ಬೆಳೆಯುವ ಮರಿಗೂ ಮರಿ ಹಾಕುವ ತಾಯಿಗೂ 22.5 ಗ್ರಾಂ ಸಸಾರಜನಕ ಇರಬೇಕು. ಈ ಕೊರತೆಯನ್ನು ಹಳ್ಳಿಯಲ್ಲಿ ತುಂಬುತ್ತಿದ್ದದ್ದು ಮೊಟ್ಟೆ, ಮಜ್ಜಿಗೆ, ಬೇಟೆಯ ಪಾಲು. ಮೊಲದ ಕರುಳು, ಕಾಲುಗಳು ನಾಯಿಯ ಹಕ್ಕಾಗಿದ್ದವು. ಬೇಟೆ ನಿಂತ ಮೇಲೆ ಆ ಪಾಲೂ ನಿಂತಿತು. ಅದರ ಜಾಗಕ್ಕೆ ಮೊಟ್ಟೆ, ಬೇಯಿಸಿದ ಬೇಳೆ, ಮಾಂಸ ಬರದಿದ್ದರೆ ನಾಯಿ ಸೊರಗುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪು ನಗರಗಳಲ್ಲಿ ನಡೆಯುತ್ತದೆ. ಬರೀ ಮಾಂಸ ತಿನ್ನಿಸಿದ ಮರಿಗೆ ಸುಣ್ಣದ ಅಂಶ ಸಾಲದೆ ಕಾಲಿನ ಎಲುಬು ಬಾಗುತ್ತದೆ.

ಹಾಲಿಗಿಂತ ಮಜ್ಜಿಗೆ ಬೆಳೆದ ನಾಯಿಯ ಹೊಟ್ಟೆಗೆ ಹಗುರ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು. ಓಡಿಸುವ ಮುನ್ನ ಹೊಟ್ಟೆ ತುಂಬಿಸಬಾರದೆಂಬ ಬೇಟೆಗಾರರ ತಿಳಿವಳಿಕೆಗೂ ಕಾರಣವಿದೆ: ಎದೆ ಆಳವಾದ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು, ಹಾಗಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮುಧೋಳ ನಾಯಿಯನ್ನು ಹೊಸದಾಗಿ ಸಾಕಿದವರು ಪಕ್ಕೆಲುಬು ಕಂಡೊಡನೆ ಗಾಬರಿಯಾಗಿ ತಿನ್ನಿಸುವುದುಂಟು. ಸಾಮಾನ್ಯವಾಗಿ 20ರಿಂದ 28 ಕಿಲೋ ತೂಗುವ ಈ ತಳಿಯಲ್ಲಿ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ರೋಗದ ಗುರುತಲ್ಲ. ಅದೇ ಅದರ ಮೈಕಟ್ಟು.

ಮನೆಮದ್ದಿನ ಎಲ್ಲೆ

ದವಾಖಾನೆ ದೂರವಿದ್ದ ಕಾಲದಲ್ಲಿ ಅಡುಗೆಮನೆಯೇ ನಾಯಿಯ ಔಷಧಾಲಯ. ಸಣ್ಣ ಗಾಯವನ್ನು ತೊಳೆದು ಅರಿಶಿನ ಹಚ್ಚುವುದು, ಉಣ್ಣೆ ಆರಿಸಿ ಬೇವಿನೆಣ್ಣೆ ಸವರುವುದು, ಹೊಟ್ಟೆ ಕೆಟ್ಟಾಗ ಒಂದು ಹೊತ್ತು ಉಪವಾಸ ಕೆಡವಿ ಅನ್ನದ ಗಂಜಿ, ಮಜ್ಜಿಗೆ ಕೊಡುವುದು. ಇವುಗಳಿಂದ ಬೆಳೆದ ನಾಯಿಗೆ ಕೇಡಿಲ್ಲ, ಒಂದಿಷ್ಟು ಗುಣವೂ ಉಂಟು. ಆದರೆ ಉಣ್ಣೆ ಕಡಿತದಿಂದ ರಕ್ತಕ್ಕೆ ಸೇರಿದ ರೋಗಾಣುವನ್ನು ಬೇವಿನೆಣ್ಣೆ ಮುಟ್ಟಲಾರದು. ಜ್ವರ, ಒಸಡು ಬಿಳಿಚುವುದು, ಮೂತ್ರ ಕೆಂಪಾಗುವುದು ಕಂಡರೆ ಮನೆಮದ್ದಿನ ಹೊತ್ತು ಮುಗಿಯಿತೆಂದೇ ಅರ್ಥ.

ಇನ್ನು ಕೆಲವು ಮದ್ದುಗಳು ರೋಗಕ್ಕಿಂತ ಕೆಟ್ಟವು. ಜಂತುಹುಳುವಿಗೆ ಬೆಳ್ಳುಳ್ಳಿ ತಿನ್ನಿಸುವ ರೂಢಿ ಹಲವೆಡೆ ಇದೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಓಟವೇ ಬದುಕಾದ ನಾಯಿಗೆ ಆಮ್ಲಜನಕ ಹೊರುವ ಕಣಗಳೇ ಬಂಡವಾಳ. ಕಜ್ಜಿಗೆ ಸೀಮೆಎಣ್ಣೆ ಅಥವಾ ಬಳಸಿದ ಇಂಜಿನ್ ಎಣ್ಣೆ ಬಳಿದರೆ ಈ ತಳಿಯ ತೆಳು ಚರ್ಮ ಸುಡುತ್ತದೆ. ನಾಯಿ ಮೈ ನೆಕ್ಕಿದರೆ ವಿಷ ಹೊಟ್ಟೆ ಸೇರುತ್ತದೆ. ಹುಚ್ಚುನಾಯಿ ಕಚ್ಚಿದಾಗ ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚುವುದಂತೂ ಮನುಷ್ಯನ ಪ್ರಾಣಕ್ಕೂ ಕುತ್ತು. ಮಾಡಬೇಕಾದದ್ದು ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಲಸಿಕೆಗೆ ಧಾವಿಸುವುದು.

ಮರಿಗಳ ವಿಷಯದಲ್ಲಿ ತಡವೇ ಮೃತ್ಯು. ದುಂಡುಹುಳು ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಮರಿಗೆ ದಾಟುತ್ತದೆ. ಆದ್ದರಿಂದ ಎರಡು ವಾರ ತುಂಬಿದಾಗಲೇ ಜಂತಿನ ಔಷಧ ಆರಂಭವಾಗಬೇಕು. ರಕ್ತಭೇದಿ, ವಾಂತಿ ತರುವ ಪಾರ್ವೊ ರೋಗಕ್ಕೆ ಮನೆಯಲ್ಲಿ ಮದ್ದಿಲ್ಲ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ನಾಲ್ಕು ತಿಂಗಳವರೆಗೆ ಮತ್ತೆ ಮತ್ತೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ; ಇದೇ ರಕ್ಷೆ. ಪಶುವೈದ್ಯರಿಗೆ ತಿಳಿಸಬೇಕಾದ ಸಂಗತಿಯೂ ಒಂದಿದೆ. ಮೈಯಲ್ಲಿ ಕೊಬ್ಬು ತೀರಾ ಕಡಿಮೆ ಇರುವ ಓಟದ ನಾಯಿಗಳಿಗೆ ಥಯೋಪೆಂಟಾಲ್‌ನಂಥ ಅರಿವಳಿಕೆಯ ಮಂಪರು ಬಹಳ ಹೊತ್ತು ಇಳಿಯುವುದಿಲ್ಲವೆಂಬುದು ಗ್ರೇಹೌಂಡ್‌ಗಳಲ್ಲಿ ಸಿದ್ಧವಾಗಿದೆ. ಅದೇ ಮೈಕಟ್ಟಿನ ಮುಧೋಳ ನಾಯಿಗೂ ಎಚ್ಚರ ಬೇಕು.

ಒಂದೇ ಗಂಡು, ಊರೆಲ್ಲ ಮರಿ

ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಕೊನೆಯ ಮೂರು ವಾರ ತಾಯಿಯ ಆಹಾರ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚಬೇಕು. ಹಾಲೂಡುವಾಗ ಎರಡು ಮೂರು ಪಟ್ಟು. ಆದರೆ ಗರ್ಭದಲ್ಲಿರುವಾಗ ಸುಣ್ಣದ ಮಾತ್ರೆಗಳನ್ನು ಮಿತಿಮೀರಿ ಕೊಟ್ಟರೆ ಎಲುಬಿನಿಂದ ಸುಣ್ಣ ಬಿಡಿಸಿಕೊಳ್ಳುವ ಶಕ್ತಿಯನ್ನು ಮೈ ಮರೆಯುತ್ತದೆ. ಹೆತ್ತ ಮೇಲೆ ತಾಯಿ ನಡುಗಿ ಸೆಟೆದುಕೊಳ್ಳಬಹುದು.

ಕಷ್ಟವಿರುವುದು ಜೋಡಿ ಆರಿಸುವುದರಲ್ಲಿ. ಮರಿಗೆ ಬೆಲೆ ಬಂದೊಡನೆ ಹೆಸರಾದ ಒಂದೇ ಗಂಡನ್ನು ಸುತ್ತಲ ಹಳ್ಳಿಗಳ ಹೆಣ್ಣುಗಳಿಗೆಲ್ಲ ಕೂಡಿಸುವುದು ಸಹಜ. ಎರಡು ತಲೆಮಾರು ಕಳೆದರೆ ಊರಿನ ನಾಯಿಗಳೆಲ್ಲ ಅಣ್ಣ ತಂಗಿಯರೇ ಆಗುತ್ತವೆ. ಲೆಕ್ಕ ಸರಳ. ತಂದೆ ಮಗಳ ಅಥವಾ ಒಡಹುಟ್ಟಿದವುಗಳ ಕೂಡಿಕೆಯಿಂದ ಹುಟ್ಟಿದ ಮರಿಯಲ್ಲಿ, ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಿಕನಿಂದ ಬಂದಿರುವ ಸಂಭವ ಶೇಕಡ 25. ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿರುವವುಗಳಲ್ಲಿ ಶೇಕಡ 12.5. ಮರೆಯಲ್ಲಿದ್ದ ದೋಷ ಆಗ ಹೊರಬೀಳುತ್ತದೆ. ಮರಿಗಳ ಸಂಖ್ಯೆ ತಗ್ಗುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಇದಕ್ಕೆ ಹೆದರಿ ಬೇರೆ ತಳಿಯ ಓಟದ ನಾಯಿಯ ರಕ್ತ ಬೆರೆಸಿದರೆ ಮುಧೋಳದ ಗುಣವೇ ಕೆಡುತ್ತದೆ.

2017ರ ಕೇಂದ್ರ ನಿಯಮಗಳು ಇದಕ್ಕೆ ಕಡಿವಾಣ ಹಾಕಿವೆ: ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಕೂಡಿಸಬಾರದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು, ಎಂಟು ವಾರದೊಳಗಿನ ಮರಿಯನ್ನು ಮಾರಬಾರದು. ನಿಯಮ ಕಾಗದದಲ್ಲಿ ಉಳಿಯದಿರಬೇಕಾದರೆ ಪ್ರತಿ ಮರಿಯ ತಂದೆ, ತಾಯಿ, ಅಜ್ಜ, ಅಜ್ಜಿಯರ ದಾಖಲೆ ಸಾಕುವವನ ಕೈಯಲ್ಲಿರಬೇಕು.

ಬಯಲಿನ ಬದಲು ಯಾವ ಪರೀಕ್ಷೆ?

ಈ ದಿಸೆಯಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಈ ತಳಿಗಾಗಿಯೇ ಇದೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಚೀಟಿಗಳಲ್ಲಿ ಮುಧೋಳವೂ ಒಂದು. 2016ರಲ್ಲಿ ಆರು ಮರಿಗಳು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಬಾನುಲಿ ಭಾಷಣದಲ್ಲಿ ಹೆಸರಿಸಿದ ಮೇಲೆ ಮರಿಗಳಿಗೆ ಬೇಡಿಕೆ ಏರಿತು.

ಬೇಡಿಕೆ ಏರಿದ್ದು ಬಡ ಸಾಕಣೆದಾರರಿಗೆ ವರಮಾನ ತಂದಿದೆ. ಆದರೆ ಸಂತೆ ನೋಡುವುದು ಬಣ್ಣ, ಎತ್ತರ. ಬಯಲು ನೋಡುತ್ತಿದ್ದದ್ದು ಕಣ್ಣು, ಉಸಿರು, ಕಾಲು, ಮನೋಧರ್ಮ. ಬಯಲಿಗೆ ಮರಳುವಂತೆಯೂ ಇಲ್ಲ. ಮುಧೋಳ, ಬೀಳಗಿ ತಾಲ್ಲೂಕುಗಳ ಯಡಹಳ್ಳಿ ಗುಡ್ಡಗಳು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾಗಿವೆ. ಅಲ್ಲಿಗೆ ನುಗ್ಗಿದ ಬೇಟೆನಾಯಿ ಚಿಂಕಾರಕ್ಕೆ ಶತ್ರು. ಉಳಿದ ದಾರಿ ಬೇಟೆಯಿಲ್ಲದ ಓಟ: ಎಳೆದೊಯ್ಯುವ ಬಟ್ಟೆಯ ಗೊಂಬೆಯ ಹಿಂದೆ ಓಡಿಸಿ ವೇಗ, ದಮ್ಮು ಅಳೆಯುವುದು, ಹೊಲ ಕಾಯುವ ಕೆಲಸದಲ್ಲಿ ಸ್ವಭಾವ ನೋಡುವುದು, ಗೆದ್ದವುಗಳ ವಂಶಾವಳಿ ಬರೆದಿಡುವುದು. ಬೇಡರ ಬೇಟೆಗಾರ ಇದನ್ನೆಲ್ಲ ನೆನಪಿನಲ್ಲಿಟ್ಟಿದ್ದ. ಆ ನೆನಪಿನ ಜಾಗದಲ್ಲಿ ಈಗ ಒಂದು ದಫ್ತರು ಬೇಕು. ಅದಿಲ್ಲದಿದ್ದರೆ ಮುಧೋಳ ನಾಯಿಯ ಆಕಾರವಷ್ಟೇ ಉಳಿದೀತು, ಓಟ ಉಳಿಯಲಾರದು.