ನಾಯಿಯ ಮಿದುಳಿನಲ್ಲಿ ಹಸಿರು ಬೆಳಕು

ಕಳೆದ ವರ್ಷ ಮಳೆಗಾಲದಲ್ಲಿ ರೈತರೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗನ ಮೀನಖಂಡಕ್ಕೆ ನಾಯಿ ಕಚ್ಚಿ ರಕ್ತ ಬಂದಿತ್ತು. ಅದೇ ನಾಯಿ ಇನ್ನಿಬ್ಬರನ್ನೂ ಕಚ್ಚಿ, ಊರವರ ಏಟಿಗೆ ಸತ್ತಿತ್ತು.

"ಡಾಕ್ಟ್ರೇ, ನಾಯಿಗೆ ಹುಚ್ಚಿತ್ತೋ ಇಲ್ಲವೋ ಪರೀಕ್ಷೆ ಮಾಡಿಸಿ, ಆಮೇಲೆ ಸೂಜಿ ಹಾಕಿದ್ರೆ ಆಗಲ್ವಾ? ಹೊಕ್ಕುಳ ಸುತ್ತ ಹದಿನಾಲ್ಕು ಅಂತಾರೆ, ಮಗು ಹೆದರ್ತಾನೆ" ಎಂದರು.

ಹೊಕ್ಕುಳ ಸುತ್ತಿನ ಆ 14 ಚುಚ್ಚುಮದ್ದುಗಳು ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋದವು. ಅವುಗಳ ಭಯ ಮಾತ್ರ ಇನ್ನೂ ಹೋಗಿಲ್ಲ. ಆದರೆ ಅವರ ಪ್ರಶ್ನೆ ಒಳ್ಳೆಯದೇ. ಸತ್ತ ನಾಯಿಗೆ ರೇಬಿಸ್ ಇತ್ತೆಂದು ತಿಳಿಯುವುದು ಹೇಗೆ?

ರೇಬಿಸ್ ವೈರಾಣು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಚಿಕ್ಕದು. 1903ರಲ್ಲಿ ಇಟಲಿಯ ನೆಗ್ರಿ ಎಂಬ ವೈದ್ಯ ಹುಚ್ಚುನಾಯಿಯ ಮಿದುಳಿನ ಜೀವಕೋಶಗಳಲ್ಲಿ ವಿಶಿಷ್ಟವಾದ ಚುಕ್ಕೆಗಳನ್ನು ಗುರುತಿಸಿದ. ಬಹುಕಾಲ ಆ ಚುಕ್ಕೆಗಳೇ ಆಧಾರವಾಗಿದ್ದವು. ತೊಂದರೆಯೆಂದರೆ, ರೋಗವಿದ್ದೂ ಚುಕ್ಕೆ ಕಾಣದ ನಾಯಿಗಳೂ ಇರುತ್ತವೆ. ಅಂಥ ಕಡೆ ತಪ್ಪು ಭರವಸೆ ಪ್ರಾಣಕ್ಕೇ ಎರವಾಗುತ್ತದೆ.

ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ರಕ್ತದಲ್ಲೇ ಇರುವ ಒಂದು ವಸ್ತುವಿನಿಂದ. ರೋಗಾಣು ದೇಹವನ್ನು ಹೊಕ್ಕಾಗ ಅದಕ್ಕೆ ಹೊಂದುವ ಪ್ರತಿಕಾಯಗಳು ತಯಾರಾಗುತ್ತವೆ ಎಂಬುದು ನಿಮಗೆ ಗೊತ್ತು. ಕವೆಗೋಲಿನ ಆಕಾರದ ಈ ಪ್ರೋಟೀನು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟಿರುತ್ತದೆ. ಕವೆಯ ಎರಡು ತುದಿಗಳು ತಮಗೆ ಹೊಂದುವ ರೋಗಾಣುವನ್ನು ಬೀಗದ ಕೈಯಂತೆ ಹಿಡಿಯುತ್ತವೆ. ಹುಡುಕುವ ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಹುಡುಕಿ ಹಿಡಿದದ್ದು ನಮ್ಮ ಕಣ್ಣಿಗೆ ಕಾಣಬೇಕಲ್ಲ?

ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್‌ಗೆ 1939ರಲ್ಲಿ, ಬರ್ಲಿನ್ನಿನಲ್ಲಿದ್ದಾಗ, ಒಂದು ಉಪಾಯ ಹೊಳೆಯಿತು: ಪ್ರತಿಕಾಯಕ್ಕೇ ಹೊಳೆಯುವ ಬಣ್ಣ ಅಂಟಿಸಿದರೆ ಹೇಗೆ? ಊರಿಗೆ ಮರಳಿ ಸಹೋದ್ಯೋಗಿಗಳೊಂದಿಗೆ ಪ್ರಯತ್ನಿಸಿದ. ಮೊದಲು ಆರಿಸಿದ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು. ಆದರೆ ದೇಹದ ಅಂಗಾಂಶ ತಾನೇ ಸ್ವಲ್ಪ ನೀಲಿಯಾಗಿ ಮಿನುಗುವುದರಿಂದ ಎರಡೂ ಬೆರೆತುಹೋದವು. ಆಮೇಲೆ ಫ್ಲೋರೆಸಿನ್ ಎಂಬ ಹಸಿರು ಹೊಳಪಿನ ಬಣ್ಣ ಹಿಡಿದ. ಅದು 1942ರಲ್ಲಿ ಫಲಿಸಿತು. ಸೋಂಕು ತಗುಲಿದ ಇಲಿಯ ಅಂಗಾಂಶದಲ್ಲಿ ನ್ಯುಮೋನಿಯಾ ರೋಗಾಣುವಿನ ಅಂಶ ಹಸಿರಾಗಿ ಬೆಳಗಿತು.

ಕಣ್ಣಿಗೆ ಕಸ ಬಿದ್ದು ನೀವು ಕಣ್ಣಿನ ವೈದ್ಯರ ಬಳಿ ಹೋಗಿದ್ದರೆ ಈ ಬಣ್ಣದ ಪರಿಚಯ ನಿಮಗಿದೆ. ಹಳದಿ ಕಾಗದದ ತುಂಡನ್ನು ರೆಪ್ಪೆಯೊಳಗೆ ತಾಗಿಸಿ, ನೀಲಿ ದೀಪ ಹಿಡಿಯುತ್ತಾರಲ್ಲವೇ? ಗೀರಿದ ಜಾಗ ಹಸಿರಾಗಿ ಕಾಣುತ್ತದೆ. ನೀಲಿ ಬೆಳಕನ್ನು ನುಂಗಿ ಹಸಿರು ಬೆಳಕನ್ನು ಹೊರಚೆಲ್ಲುವುದೇ ಈ ಬಣ್ಣದ ಗುಣ.

ಅಂಟಿಸುವುದರಲ್ಲಿ ಒಂದು ನಾಜೂಕಿದೆ. ಕೂನ್ಸ್ ಬಳಸಿದ ಮೊದಲ ಫ್ಲೋರೆಸಿನ್ ಸಂಯುಕ್ತವನ್ನು ತಯಾರಿಸಲು ಫಾಸ್ಜೀನ್ ಎಂಬ ವಿಷಾನಿಲ ಬೇಕಿತ್ತು. 1958ರಲ್ಲಿ ರಿಗ್ಸ್ ಮತ್ತು ಸಂಗಡಿಗರು ಫ್ಲೋರೆಸಿನ್ ಐಸೋಥಯೋಸಯನೇಟ್ ಎಂಬ, ಪುಡಿಯಾಗಿ ಇಟ್ಟುಕೊಳ್ಳಬಹುದಾದ ರೂಪವನ್ನು ಕೊಟ್ಟರು. ಅದನ್ನು ತುಸು ಕ್ಷಾರೀಯ ದ್ರಾವಣದಲ್ಲಿ ಪ್ರತಿಕಾಯದೊಂದಿಗೆ ಬೆರೆಸಿದರೆ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಂಶಕ್ಕೆ ಗಟ್ಟಿಯಾಗಿ ಕೂರುತ್ತದೆ. ಒಂದು ಪ್ರತಿಕಾಯಕ್ಕೆ ನಾಲ್ಕಾರು ಬಣ್ಣದ ಅಣುಗಳು ಹಿತ. ಕಡಿಮೆಯಾದರೆ ಹೊಳಪು ಸಾಲದು. ಹೆಚ್ಚಾದರೆ ಒಂದರ ಬೆಳಕನ್ನು ಇನ್ನೊಂದು ನುಂಗುತ್ತದೆ, ಹಿಡಿಯುವ ತುದಿಯೂ ಮುಚ್ಚಿಹೋಗಬಹುದು. ಅಡುಗೆಗೆ ಉಪ್ಪು ಹಾಕಿದ ಹಾಗೆ! ಅಂಟದೆ ಉಳಿದ ಬಣ್ಣವನ್ನು ಪೂರ್ತಿ ಬೇರ್ಪಡಿಸಬೇಕು, ಇಲ್ಲದಿದ್ದರೆ ಬೇಡದ ಕಡೆಯೆಲ್ಲ ಹಸಿರು. ಬಾಟಲಿಯನ್ನು ಕತ್ತಲಲ್ಲಿಡಬೇಕು, ಏಕೆಂದರೆ ಬೆಳಕಿಗೆ ಈ ಬಣ್ಣ ಮಾಸುತ್ತದೆ.

ಅದೇ 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಎಂಬಿಬ್ಬರು ಈ ವಿಧಾನವನ್ನು ರೇಬಿಸ್‌ಗೆ ಅನ್ವಯಿಸಿದರು. ನಾಯಿಯ ಮಿದುಳಕಾಂಡ ಮತ್ತು ಹಿಮ್ಮಿದುಳಿನ ಚೂರನ್ನು ಗಾಜಿನ ಪಟ್ಟಿಗೆ ಒತ್ತಿ, ಅಸಿಟೋನಿನಲ್ಲಿ ಅದ್ದಿ, ಬಣ್ಣದ ಪ್ರತಿಕಾಯವನ್ನು ಹಾಕಿ ಅರ್ಧ ಗಂಟೆ ಬೆಚ್ಚಗಿಡುತ್ತಾರೆ. ನಂತರ ತೊಳೆಯುತ್ತಾರೆ. ವೈರಾಣು ಇಲ್ಲದಿದ್ದರೆ ಪ್ರತಿಕಾಯ ನೀರಿನೊಂದಿಗೆ ಹೋಗಿಬಿಡುತ್ತದೆ. ಇದ್ದರೆ ಕಚ್ಚಿಕೊಂಡು ಕೂರುತ್ತದೆ. ನೀಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕತ್ತಲ ಹಿನ್ನೆಲೆಯ ಮೇಲೆ ಹಸಿ ಸೇಬಿನ ಬಣ್ಣದ ಕಣಗಳು ನಕ್ಷತ್ರಗಳಂತೆ ಮಿನುಗುತ್ತವೆ. ಕೆಲವೇ ಗಂಟೆಗಳ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ರೇಬಿಸ್ ಪತ್ತೆಯ ಪ್ರಯೋಗಾಲಯಗಳಿವೆ.

ಎಚ್‌ಐವಿ ರೋಗಿಗಳ ಬಿಳಿ ರಕ್ತಕಣಗಳ ಎಣಿಕೆಗೂ, ಲೂಪಸ್ ಎಂಬ ಕಾಯಿಲೆಯ ಪತ್ತೆಗೂ ಇದೇ ಉಪಾಯ ಬಳಕೆಯಲ್ಲಿದೆ. ಆ ಮಾತು ಇನ್ನೊಮ್ಮೆ.

ಇಷ್ಟು ಒಳ್ಳೆಯ ಪರೀಕ್ಷೆಯಿದ್ದರೂ ಆ ರೈತರಿಗೆ ನಾನು ಹೇಳಿದ್ದು, "ಕಾಯಬೇಡಿ" ಎಂದೇ. ನಾಯಿಯ ತಲೆ ಮಂಜುಗಡ್ಡೆಯಲ್ಲಿ ಪ್ರಯೋಗಾಲಯ ತಲುಪಬೇಕು. ಅದನ್ನು ಪಶುವೈದ್ಯರೇ ಕತ್ತರಿಸಬೇಕು, ನೀವು ಮುಟ್ಟಬಾರದು. ತಲೆ ಕೊಳೆತಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಅಷ್ಟರೊಳಗೆ ವೈರಾಣು ನರದ ದಾರಿ ಹಿಡಿದಿರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಉಳಿಸಿಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಕಚ್ಚಿದ ನಾಯಿ ಬದುಕಿದ್ದರೂ ಲಸಿಕೆ ಆರಂಭಿಸಿಯೇ ಅದನ್ನು ಹತ್ತು ದಿನ ಗಮನಿಸಬೇಕು.

ಹುಡುಗನ ಗಾಯವನ್ನು ಸೋಪು ಹಚ್ಚಿ, ನಲ್ಲಿ ನೀರಿನಡಿ ಹದಿನೈದು ನಿಮಿಷ ತೊಳೆದೆವು. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ತೋಳಿಗೆ ಲಸಿಕೆಯ ಮೊದಲ ಡೋಸು. ಮತ್ತೆ 3, 7, 14 ಮತ್ತು 28ನೇ ದಿನ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ನಾಯಿಯ ತಲೆಯನ್ನು ಪಶುವೈದ್ಯರು ಕಳಿಸಿಕೊಟ್ಟರು.

ವರದಿ ಬಂದಾಗ ಹುಡುಗನಿಗೆ ಮೂರನೆಯ ಡೋಸು ಆಗಿತ್ತು. ನಾಯಿಗೆ ರೇಬಿಸ್ ಇತ್ತು. ಕಚ್ಚಿಸಿಕೊಂಡ ಇನ್ನಿಬ್ಬರಲ್ಲಿ ಒಬ್ಬರು ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರು. ಇನ್ನೊಬ್ಬರು, ಹಾಲು ಹಾಕುವ ಹೆಂಗಸು, ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದರಂತೆ. ವರದಿಯ ಕಾಗದ ಹಿಡಿದು ರೈತರೇ ಅವರ ಮನೆಗೆ ಹೋಗಿ, ಅದೇ ಸಂಜೆ ಕರೆತಂದರು. ತಡವಾಗಿದ್ದರೂ ಲಸಿಕೆ ಬಿಡುವಂತಿಲ್ಲ, ಅಂದೇ ಶುರುಮಾಡಿದೆವು. ಹುಡುಗನೂ ಆ ಹೆಂಗಸೂ ಈಗ ಚೆನ್ನಾಗಿದ್ದಾರೆ.