ಹಿಮ ಕಾಣದ ಊರಲ್ಲಿ ಹಿಮದ ಗ್ರಾಫ್

ಹಿಮವನ್ನು ನಾನು ನೋಡಿರುವುದು ಮನೆಯ ಫ್ರೀಜರ್‌ನಲ್ಲಿ ಮಾತ್ರ. ಆದರೂ ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ಹಿಮದ ಪದರಗಳ ಗ್ರಾಫ್ ಬರೆಯುವ ಸಾಫ್ಟ್‌ವೇರ್. 'ಬೈಲಕುಪ್ಪೆಯಲ್ಲಿ ಮಳೇನೇ ಸರಿಯಾಗಿ ಬರಲ್ಲ, ನಿನಗೆ ಹಿಮ ಯಾಕೋ?' ಎಂದು ಗೆಳೆಯರು ನಕ್ಕರು.

ಕಾರಣವಿತ್ತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು; 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದೇ ಹತ್ತು ಮಂದಿಯಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು. ನಮ್ಮ ಜಿಲ್ಲೆಯದೇ ಆದ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್ ಕೂಡ ಇದ್ದರು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಹಿಮವೂ ಮನುಷ್ಯರನ್ನು ಕೊಲ್ಲುತ್ತದೆ ಎಂದು ಗೊತ್ತಾದದ್ದೇ ಅಂದು.

ಹಿಮ ಒಂದೇ ರಾಶಿಯಲ್ಲ. ಒಂದೊಂದು ಹಿಮಪಾತವೂ ಒಂದೊಂದು ಪದರ. ಕಾಗದದ ಕಟ್ಟಿನ ನಡುವೆ ಸಕ್ಕರೆ ಚೆಲ್ಲಿ ಓರೆ ಮಾಡಿದರೆ ಮೇಲಿನ ಹಾಳೆಗಳು ಜಾರುತ್ತವಲ್ಲ, ಹಾಗೆಯೇ ಇದು. ಗಟ್ಟಿ ಪದರದ ಕೆಳಗೆ ಸಕ್ಕರೆಯಂಥ ಸಡಿಲ ಕಣಗಳಿದ್ದರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ಭಾರವೇ ಸಾಕು.

ಇದನ್ನು ತಿಳಿಯಲು ಗುಂಡಿ ತೋಡುತ್ತಾರೆ. ಪದರದ ಗಡಸುತನ ನೋಡುವ ವಿಧಾನ ನನಗೆ ಬಹಳ ಇಷ್ಟವಾಯಿತು: ಮುಷ್ಟಿ ಒಳಹೋದರೆ ತೀರಾ ಮೆದು, ನಂತರ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು ಮಾತ್ರ ಹೋದರೆ ಗಟ್ಟಿ. ಹತ್ತು ಸೆಂಟಿಮೀಟರಿಗೊಮ್ಮೆ ಉಷ್ಣಾಂಶವನ್ನೂ ಅಳೆಯುತ್ತಾರೆ. ಅಷ್ಟು ಅಂತರದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಡಿಲ ಕಣಗಳು ಬೆಳೆಯುವ ಸೂಚನೆ. ಚಳಿಗೆ ಬೆರಳು ಮರಗಟ್ಟುವಾಗ ಬರೆದುಕೊಂಡ ಈ ಅಂಕಿಗಳನ್ನು ಒಂದೇ ಚಿತ್ರವಾಗಿಸುವುದು ಸಾಫ್ಟ್‌ವೇರ್ ಕೆಲಸ. ಅಮೆರಿಕದ 'ಸ್ನೋಪೈಲಟ್' ಇದನ್ನು ಉಚಿತವಾಗಿ ಮಾಡುತ್ತದೆ. ನಮ್ಮಲ್ಲಿ 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಅಧ್ಯಯನ ಸಂಸ್ಥೆ ಈಗ ಡಿಆರ್‌ಡಿಒದ ಚಂಡೀಗಡ ಪ್ರಯೋಗಾಲಯದಲ್ಲಿ ಸೇರಿಕೊಂಡಿದೆ.

ನನ್ನ ಪೈಥಾನ್ ಪ್ರೋಗ್ರಾಂ ಮೊದಲ ಸಲ ಗ್ರಾಫನ್ನು ತಲೆಕೆಳಗಾಗಿ ಬರೆಯಿತು. ನೆಲದ ಪದರ ಮೇಲೆ, ಹೊಸ ಹಿಮ ಕೆಳಗೆ! ಲ್ಯಾಬಿನಲ್ಲಿ ಅದು ನಗುವ ತಪ್ಪು. ಬೆಟ್ಟದ ಮೇಲೆ ಅದನ್ನು ನಂಬಿ ಹೆಜ್ಜೆ ಇಡುವವನಿಗೆ?

ಅದನ್ನು ಸರಿಪಡಿಸಿ, ಕ್ಯಾಂಪಿನಲ್ಲಿರುವ ಟಿಬೆಟನ್ ಸಹಪಾಠಿಯ ತಾತನಿಗೆ ತೋರಿಸಿದೆ. ಚಿಕ್ಕ ಹುಡುಗನಾಗಿ ಹಿಮಾಲಯ ದಾಟಿ ಬಂದವರು ಅವರು. 'ಹೊಸ ಹಿಮ ಬಿದ್ದ ಮೇಲೆ ಮಾತಾಡದೆ ನಡೀರಿ ಅಂತಿದ್ರು ದೊಡ್ಡೋರು' ಎಂದರು. ಮಾತಿನ ಸದ್ದಿಗೆ ಹಿಮ ಕುಸಿಯದು ಎನ್ನುತ್ತದೆ ವಿಜ್ಞಾನ. ಆದರೆ ಹೊಸ ಹಿಮದ ಭಯ ನಿಜ. ಲೆಪ್‌ಟಾಪಿನಲ್ಲಿ ಮೇಲಿನ ಪದರವನ್ನು ಬೆರಳಿಂದ ಮುಟ್ಟಿ, 'ಇದೇ ಅಲ್ವಾ?' ಎಂದು ಕೇಳಿದರು.

ಸಿಯಾಚಿನ್‌ನಲ್ಲಿ ಅಂದು ಕುಸಿದದ್ದು ಹಿಮದ ಗೋಡೆಯೇ. ನನ್ನಂಥವನ ಗ್ರಾಫ್ ಮಹೇಶ್ ಅವರನ್ನು ಉಳಿಸುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನಮ್ಮ ತಾಲ್ಲೂಕುಗಳಿಂದ ಹುಡುಗರು ಈಗಲೂ ಸೇನೆಗೆ ಹೋಗುತ್ತಾರೆ, ಹಿಮದ ಮೇಲೆ ಕಾವಲು ನಿಲ್ಲುತ್ತಾರೆ. ಇನ್ನು ಮೇಲೆ 'ನಿನಗೆ ಹಿಮ ಯಾಕೋ?' ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿದೆ.